ಪ್ಯಾನಲ್ ಎಸಿ ತಂಪು ಮಾಡ್ತಿಲ್ವಾ? ಗ್ಯಾಸ್ ಹಾಕ್ಸೋ ಮೊದ್ಲು ಇಷ್ಟು ನೋಡಿ

ಪ್ಯಾನಲ್ ಅಂದ್ರೆ ಮಷೀನ್‌ನ ಎಲೆಕ್ಟ್ರಿಕ್ ಸಾಮಾನೆಲ್ಲ ಇರೋ ಕಬ್ಬಿಣದ ಪೆಟ್ಟಿಗೆ, ಅದರೊಳಗಿರೋ ಡ್ರೈವ್ (ಮೋಟಾರ್ ಸ್ಪೀಡ್ ಕಂಟ್ರೋಲ್ ಮಾಡೋ ಯೂನಿಟ್) ಥರದ್ದನ್ನ ತಂಪಾಗಿಡೋಕೆ ಕೂರಿಸೋದೇ ಪ್ಯಾನಲ್ ಎಸಿ. ಏಪ್ರಿಲ್ ಬಂತು ಅಂದ್ರೆ ನಂಗೆ ಬರೋ ಫೋನೆಲ್ಲ ಒಂದೇ ಥರ ಇರತ್ತೆ. "ಸಾರ್, ಮಧ್ಯಾಹ್ನ ಎರಡು ಗಂಟೆ ಆಗ್ತಿದ್ದಂಗೆ ಡ್ರೈವ್ ಓವರ್‌ಹೀಟ್ ಅಂತ ಬಂದು ಮಷೀನ್ ನಿಂತೋಗ್ತಿದೆ, ಪ್ಯಾನಲ್ ಎಸಿ ಗ್ಯಾಸ್ ಹೋಗಿದೆ ಅನ್ಸತ್ತೆ, ಬರ್ತಾ ಸಿಲಿಂಡರ್ ತಗೊಂಡೇ ಬನ್ನಿ." ಹೋಗಿ ನೋಡಿದ್ರೆ ಹೆಚ್ಚಿನ ಸಲ ಗ್ಯಾಸ್ ಎಷ್ಟಿರಬೇಕೋ ಅಷ್ಟೇ ಇರತ್ತೆ, ಎಸಿ ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇರತ್ತೆ, ತಪ್ಪಿರೋದು ಪ್ಯಾನಲ್‌ನಲ್ಲಿ, ಇಲ್ಲ ಫಿಲ್ಟರ್‌ನಲ್ಲಿ, ಇಲ್ಲ ಅದನ್ನ ಕೂರಿಸಿರೋ ರೀತಿಯಲ್ಲಿ. ಅಷ್ಟೊತ್ತಿಗೆ ಬೇರೆ ಯಾರೋ ಬಂದು ಪೈಪ್ ಚುಚ್ಚಿ ಗ್ಯಾಸ್ ತುಂಬಿಸಿ ಹೋಗಿದ್ರೆ ಮಾತ್ರ, ಚೆನ್ನಾಗಿದ್ದ ಎಸಿ ಆಮೇಲೆ ನಿಜವಾಗ್ಲೂ ಕೆಟ್ಟಿರತ್ತೆ. ಇದನ್ನ ನೋಡಿ ನೋಡಿ ಮನಸ್ಸಿಗೆ ಬೇಜಾರಾಗಿದೆ, ಅದಕ್ಕೇ ನಾನು ಯಾವ ಕ್ರಮದಲ್ಲಿ ನೋಡ್ತೀನಿ ಅನ್ನೋದನ್ನ ಬರೀತಿದೀನಿ, ಮೇಂಟೆನೆನ್ಸ್ ಹುಡುಗ್ರಿಗೆ, ಸಣ್ಣ ಶಾಪ್ ನಡೆಸೋರಿಗೆ ಉಪಯೋಗ ಆಗ್ಲಿ.

ಒಂದು ವಿಷಯ ಮೊದ್ಲೇ ತಲೇಲಿ ಇಟ್ಕೊಳ್ಳಿ. ಪ್ಯಾನಲ್ ಎಸಿಯಲ್ಲಿ ಎರಡು ಗಾಳಿ ಇದೆ. ಪ್ಯಾನಲ್ ಒಳಗಿನ ಗಾಳಿ ಇವಾಪರೇಟರ್ ಕಾಯಿಲ್ ಮೇಲೆ ಹೋಗಿ ತಣ್ಣಗಾಗಿ ಮತ್ತೆ ಒಳಗೇ ಬರತ್ತೆ, ಶೆಡ್‌ನ ಗಾಳಿ ಕಂಡೆನ್ಸರ್ ಕಾಯಿಲ್ ಮೇಲೆ ಹೋಗಿ ಬಿಸಿಯಾಗಿ ಹೊರಗೇ ಹೋಗತ್ತೆ. ಈ ಎರಡೂ ಗಾಳಿ ಸೇರಬಾರ್ದು. ನಾನು ನೋಡಿರೋ ದೋಷಗಳಲ್ಲಿ ಅರ್ಧಕ್ಕರ್ಧ ಎಲ್ಲೋ ಒಂದು ಕಡೆ ಈ ಎರಡು ಸೇರ್ತಿರೋದ್ರಿಂದ ಬಂದಿರೋದು, ಇನ್ನರ್ಧ ಎರಡರಲ್ಲಿ ಯಾವ್ದೋ ಒಂದು ಗಾಳಿಗೆ ಓಡಾಡೋಕೆ ದಾರಿ ಇಲ್ದೇ ಬಂದಿರೋದು.

ಕೈ ಹಾಕೋ ಮೊದ್ಲು ಕರೆಂಟ್ ವಿಚಾರ. ಪ್ಯಾನಲ್ ಎಸಿಗೆ ಸಪ್ಲೈ ಬಹಳ ಕಡೆ ಮೇನ್ ಐಸೋಲೇಟರ್‌ಗಿಂತ ಹಿಂದಿನಿಂದ ಬಂದಿರತ್ತೆ, ಅಂದ್ರೆ ಮಷೀನ್ ಮೇನ್ ಆಫ್ ಮಾಡಿದ್ರೂ ಎಸಿ ಟರ್ಮಿನಲ್‌ನಲ್ಲಿ 230 ವೋಲ್ಟ್ ಇರತ್ತೆ. ಅದರ ಎಂಸಿಬಿ ಬೇರೆ ಹುಡುಕಿ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್ ನಂಬ್ಕೊಂಡು ಕೂರದೆ ಮೀಟರ್ ಇಟ್ಟು ನೋಡಿ. ಡ್ರೈವ್‌ಗಳ ಡಿಸಿ ಬಸ್ ಕೆಪಾಸಿಟರ್ ಆಫ್ ಆದ್ಮೇಲೂ ಚಾರ್ಜ್ ಹಿಡ್ಕೊಂಡಿರತ್ತೆ, ಡ್ರೈವ್ ಮೇಲೆ ಎಷ್ಟು ನಿಮಿಷ ಕಾಯಿರಿ ಅಂತ ಬರೆದಿದ್ಯೋ ಅಷ್ಟು ಕಾಯಿರಿ. ಎಸಿ ಒಳಗಿರೋ ರನ್ ಕೆಪಾಸಿಟರ್‌ಗೂ ಅದೇ ಮಾತು, ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ.

ಎಸಿ ತಪ್ಪೋ, ಪ್ಯಾನಲ್ ತಪ್ಪೋ

ಎಲ್ಲಕ್ಕಿಂತ ಮೊದ್ಲು ಒಂದು ಥರ್ಮಾಮೀಟರ್ ತಗೊಂಡು ಮೂರು ಕಡೆ ಅಳೀರಿ. ಎಸಿ ಒಳಗಿಂದ ಗಾಳಿ ಎಳ್ಕೊಳ್ಳೋ ಬಾಯಿ, ತಣ್ಣನೆ ಗಾಳಿ ಬಿಡೋ ಬಾಯಿ, ಆಮೇಲೆ ಟ್ರಿಪ್ ಆಗ್ತಿರೋ ಡ್ರೈವ್ ಹತ್ರ. ವೈರ್ ಇರೋ ಸೆನ್ಸರ್ ಆದ್ರೆ ಒಳಗೆ ಇಟ್ಟು ಬಾಗಿಲು ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಮಷೀನ್ ಓಡಿಸಿ, ಬಾಗಿಲು ತೆಗೆದು ಲೇಸರ್ ಗನ್ ಹೊಡೆದು ನೋಡೋದ್ರಲ್ಲಿ ಅರ್ಥ ಇಲ್ಲ, ಬಾಗಿಲು ತೆಗೆದ ಕೂಡ್ಲೇ ಎಲ್ಲ ಬದಲಾಗೋಗತ್ತೆ. ಕಂಪ್ರೆಸರ್ ಓಡ್ತಿರೋವಾಗ ಎಳ್ಕೊಳ್ಳೋ ಗಾಳಿಗೂ ಬಿಡೋ ಗಾಳಿಗೂ ಸುಮಾರು 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ರೆ ಎಸಿ ಕೆಲಸ ಮಾಡ್ತಿದೆ ಅಂತಾನೇ ಲೆಕ್ಕ, ಅದರ ಗ್ಯಾಸ್ ಲೈನ್ ಮುಟ್ಟೋಕೆ ಹೋಗ್ಬೇಡಿ. ಎರಡು ಮೂರು ಡಿಗ್ರಿ ಮಾತ್ರ ಇದ್ರೆ ಆಗ ಎಸಿ ಕಡೆ ತಿರುಗಿ.

ಬಹಳ ಜನ ಮೋಸ ಹೋಗೋ ಜಾಗ ಇದು. ಎಸಿ ಡಿಸ್‌ಪ್ಲೇನಲ್ಲಿ 34 ಅಂತ ತೋರಿಸ್ತಿರತ್ತೆ, ಡ್ರೈವ್ ಮಾತ್ರ ಬಿಸಿ ಬಿಸಿ ಅಂತ ಟ್ರಿಪ್ ಆಗ್ತಿರತ್ತೆ, ಡ್ರೈವ್ ಕೆಟ್ಟಿದೆ ಅಂತ ರಿಪೇರಿಗೆ ಕಳಿಸಿರ್ತಾರೆ. ಅಲ್ಲಿ ನಡೀತಿರೋದು ಏನಂದ್ರೆ ತಣ್ಣನೆ ಗಾಳಿ ಬರೋ ಬಾಯಿ ಎದುರಿಗೇ ಒಂದು ದಪ್ಪ ಕೇಬಲ್ ಡಕ್ಟೋ, ಆಮೇಲೆ ಸೇರಿಸಿದ ಸ್ಟೆಬಿಲೈಸರೋ, ಮಡಚಿಟ್ಟ ಡ್ರಾಯಿಂಗ್ ಫೈಲೋ ಇರತ್ತೆ, ಗಾಳಿ ಅದಕ್ಕೆ ಬಡಿದು ನೇರ ವಾಪಸ್ ಎಳ್ಕೊಳ್ಳೋ ಬಾಯಿಗೇ ಹೋಗತ್ತೆ, ಸೆನ್ಸರ್ ಇರೋದೂ ಅಲ್ಲೇ, ಅದಕ್ಕೆ ಎಲ್ಲ ತಂಪಾಗಿದೆ ಅನ್ಸಿ ಕಂಪ್ರೆಸರ್ ನಿಲ್ಲಿಸತ್ತೆ. ಡ್ರೈವ್ ಇರೋ ಮೂಲೆಯಲ್ಲಿ 50 ದಾಟಿರತ್ತೆ. ಪ್ಯಾನಲ್ ತಲೆ ಮೇಲೆ ಕೂರಿಸೋ ಎಸಿ ಆದ್ರೆ ಇನ್ನೊಂದು ತೊಂದ್ರೆ, ಎಸಿ ಮೇಲಿಂದ ಕೆಳಗೆ ಗಾಳಿ ಊದತ್ತೆ, ಡ್ರೈವ್‌ನ ಫ್ಯಾನ್ ಕೆಳಗಿಂದ ಮೇಲೆ ಊದತ್ತೆ, ಎರಡೂ ಡಿಕ್ಕಿ ಹೊಡೆದು ತಣ್ಣನೆ ಗಾಳಿ ಕೆಳಗೆ ಇಳಿಯೋದೇ ಇಲ್ಲ. ಅಂಥಾ ಕಡೆ ಡಕ್ಟ್ ಹಾಕಿ ತಣ್ಣನೆ ಗಾಳೀನ ಪ್ಯಾನಲ್ ಕೆಳಗಡೆ ಬಿಡಬೇಕು.

ಪೀಣ್ಯದ ಒಂದು ಶಾಪ್‌ನಲ್ಲಿ ಹೀಗೇ ಆಗಿತ್ತು. ಟರ್ನಿಂಗ್ ಸೆಂಟರ್ (ಸಿಎನ್‌ಸಿ ಲೇತ್), ಮೂರು ತಿಂಗಳಲ್ಲಿ ಎರಡು ಸಲ ಗ್ಯಾಸ್ ಹಾಕ್ಸಿದ್ರು, ಎರಡು ದಿನ ಚೆನ್ನಾಗಿದ್ದು ಮತ್ತೆ ಅದೇ ಕಥೆ. ಅಳೆದು ನೋಡಿದ್ರೆ ವ್ಯತ್ಯಾಸ 10 ಡಿಗ್ರಿ ಬರ್ತಿದೆ, ಎಸಿ ಒಂದು ನಿಮಿಷಾನೂ ನಿಲ್ತಿಲ್ಲ, ಡ್ರೈನ್ ಪೈಪಿಂದ ನೀರು ಬಿಡದೆ ತೊಟ್ಟಿಕ್ತಿದೆ. ಪ್ಯಾನಲ್ ಹಿಂದೆ ಬಗ್ಗಿ ನೋಡಿದ್ರೆ ಎಸಿ ಹಾಕೋಕೆ ಮೊದ್ಲಿದ್ದ ಎಕ್ಸಾಸ್ಟ್ ಫ್ಯಾನ್ ಹಾಗೇ ತಿರುಗ್ತಾ ಇತ್ತು, ಕೆಳಗಡೆ ಲೂವರ್ (ಗಾಳಿ ಕಿಂಡಿ) ಕೂಡ ತೆರೆದೇ ಇತ್ತು. ಎಸಿ ತಣ್ಣಗೆ ಮಾಡಿದ ಗಾಳೀನ ಫ್ಯಾನ್ ಆಚೆ ತಳ್ತಿತ್ತು, ಅದರ ಜಾಗಕ್ಕೆ ಶೆಡ್‌ನ ಬಿಸಿ ಗಾಳಿ ಆಯಿಲ್ ಮಿಸ್ಟ್ ಸಮೇತ ಲೂವರ್‌ನಿಂದ ಒಳಗೆ ಬರ್ತಿತ್ತು. ಫ್ಯಾನ್ ಬಿಚ್ಚಿ, ಎರಡೂ ತೂತಿಗೆ ಶೀಟ್ ಕತ್ತರಿಸಿ ಗ್ಯಾಸ್ಕೆಟ್ ಇಟ್ಟು ಸ್ಕ್ರೂ ಹೊಡೆದ್ವಿ. ಸಂಜೆ ಹೊತ್ತಿಗೆ ಎಸಿ ತಾನಾಗೇ ಆನ್ ಆಫ್ ಆಗೋಕೆ ಶುರುವಾಯ್ತು. ಆ ಶಾಪ್‌ನೋರು ಎರಡು ಸಲ ಕೊಟ್ಟ ಗ್ಯಾಸ್ ದುಡ್ಡು ಪೂರಾ ವ್ಯರ್ಥ, ಅದು ನಂಗೆ ಇವತ್ತಿಗೂ ಬೇಸರ.

ನೀರು ನೋಡಿದ್ರೆ ಅರ್ಧ ರೋಗ ಗೊತ್ತಾಗತ್ತೆ

ಪ್ಯಾನಲ್ ಚೆನ್ನಾಗಿ ಸೀಲ್ ಆಗಿದ್ರೆ ಒಳಗಿರೋ ತೇವಾಂಶ ಸ್ವಲ್ಪಾನೇ. ಎಸಿ ಆನ್ ಮಾಡಿದ್ಮೇಲೆ ಅಥವಾ ಬಾಗಿಲು ತೆಗೆದು ಮುಚ್ಚಿದ್ಮೇಲೆ ಅಷ್ಟು ನೀರು ಇಳಿದು, ಕೆಲವು ಗಂಟೆಯಲ್ಲಿ ಡ್ರೈನ್ ಒಣಗಬೇಕು. ಒಣಗ್ತಿಲ್ಲ, ದಿನಪೂರ್ತಿ ತೊಟ್ಟಿಕ್ತಾ ಇದೆ ಅಂದ್ರೆ ಹೊರಗಿನ ಗಾಳಿ ಎಲ್ಲಿಂದಲೋ ಒಳಗೆ ಬರ್ತಾನೇ ಇದೆ ಅಂತ ಅರ್ಥ. ಇದಕ್ಕೆ ಯಾವ ಇನ್‌ಸ್ಟ್ರುಮೆಂಟೂ ಬೇಡ, ಪೈಪ್ ಕೆಳಗೊಂದು ಬಾಟ್ಲಿ ಇಟ್ಟು ಶಿಫ್ಟ್‌ಗೆ ಎಷ್ಟು ತುಂಬತ್ತೆ ಅಂತ ನೋಡಿದ್ರೆ ಸಾಕು. ಪೈಪ್‌ನ ತುದಿ ಬಾಟ್ಲಿಯ ನೀರಲ್ಲಿ ಮುಳುಗೋ ಹಾಗೆ ಮಾತ್ರ ಇಡಬೇಡಿ, ನೀರು ಇಳಿಯದೆ ಒಳಗೇ ನಿಲ್ಲತ್ತೆ.

ಗಾಳಿ ನುಗ್ಗೋ ಜಾಗ ಹುಡುಕೋಕೆ ಪ್ಯಾನಲ್ ಒಳಗೊಂದು ಬೆಳಕಿರೋ ಟಾರ್ಚ್ ಇಟ್ಟು ಬಾಗಿಲು ಮುಚ್ಚಿ ಶೆಡ್ ಲೈಟ್ ಆಫ್ ಮಾಡ್ಸಿ ಸುತ್ತ ನೋಡಿ. ಕೇಬಲ್ ಒಳಗೆ ಬರೋ ಗ್ಲಾಂಡ್ ಪ್ಲೇಟ್‌ನಲ್ಲಿ ಕೇಬಲ್ ಇಲ್ಲದ ತೂತು, ಬಾಗಿಲಿನ ಗ್ಯಾಸ್ಕೆಟ್ ಮೂಲೆಯಲ್ಲಿ ಕಿತ್ತುಬಂದಿರೋದು, ಒಂದೇ ಬೀಗ ಹಾಕಿ ಕೆಳಗಡೆ ಬಾಗಿಲು ಬಾಯಿ ಬಿಟ್ಟಿರೋದು, ಎಸಿ ಕೂರಿಸೋಕೆ ಕತ್ತರಿಸಿದ ಕಟೌಟ್ ಸುತ್ತ ಫೋಮ್ ಸರಿಯಾಗಿ ಕೂರದೇ ಇರೋದು, ಇವೆಲ್ಲ ಗೆರೆ ಹಾಗೆ ಹೊಳೆಯತ್ತೆ. ಟ್ರೆಂಚ್‌ನಿಂದ ಕೇಬಲ್ ಬರೋ ಪ್ಯಾನಲ್‌ಗೆ ತಳಾನೇ ಇರಲ್ಲ ಎಷ್ಟೋ ಕಡೆ, ಟ್ರೆಂಚ್‌ನ ತೇವದ ಗಾಳಿ ಇಡೀ ಒಳಗೆ ಬರತ್ತೆ.

ಇನ್ನು ಸೆಟ್ ಪಾಯಿಂಟ್, ಅಂದ್ರೆ ಒಳಗೆ ಎಷ್ಟು ಡಿಗ್ರಿ ಇರ್ಲಿ ಅಂತ ಎಸಿಗೆ ಕೊಡೋ ನಂಬರ್. ಪ್ಯಾನಲ್ ಎಸಿಗಳು ಸಾಮಾನ್ಯವಾಗಿ ಫ್ಯಾಕ್ಟರಿಯಿಂದ 35 ಡಿಗ್ರಿಗೆ ಸೆಟ್ ಆಗಿ ಬರತ್ತೆ. ಅದನ್ನ ನೋಡಿ "ಇದೇನ್ ಎಸಿ, 35 ಅಂದ್ರೆ ತಂಪಾ?" ಅಂತ 20ಕ್ಕೆ ಇಳಿಸಿರ್ತಾರೆ, ಆಫೀಸ್ ಎಸಿ ಅಂದ್ಕೊಂಡು. ಒಳಗೆ ಮನುಷ್ಯರು ಕೂತಿಲ್ಲ, ಡ್ರೈವ್‌ಗೆ ಸಾಮಾನ್ಯವಾಗಿ 40 ಡಿಗ್ರಿವರೆಗೂ ಪೂರಾ ಲೋಡ್ ತಗೊಳ್ಳೋ ಶಕ್ತಿ ಇದೆ, 35 ಇದ್ರೆ ಅದು ಆರಾಮಾಗಿರತ್ತೆ. 20ಕ್ಕೆ ಇಳಿಸಿದ್ರೆ ಏನಾಗತ್ತೆ ಅಂದ್ರೆ, ಕರಾವಳಿಯ ಮಳೆಗಾಲದಲ್ಲಿ ಹೊರಗೆ 30 ಡಿಗ್ರಿ, ತೇವಾಂಶ 85 ಪರ್ಸೆಂಟ್ ಇದೆ ಅಂದ್ಕೊಳ್ಳಿ, ಆ ಗಾಳಿ 27 ಡಿಗ್ರಿಗೆ ಇಳಿದ್ರೆ ಸಾಕು ನೀರಾಗತ್ತೆ. 20 ಡಿಗ್ರಿ ಇರೋ ಬಸ್‌ಬಾರ್, ಪಿಸಿಬಿ, ಟರ್ಮಿನಲ್ ಮೇಲೆ ಬಾಗಿಲು ತೆಗೆದ ಕೂಡ್ಲೇ ಆ ಗಾಳಿ ಬಿದ್ರೆ, ಫ್ರಿಜ್‌ನಿಂದ ತೆಗೆದಿಟ್ಟ ಮಜ್ಜಿಗೆ ಚೊಂಬು ಬೆವರೋ ಹಾಗೆ ಎಲ್ಲಾ ಬೆವರತ್ತೆ.

ಮಂಗಳೂರಿನ ಬೈಕಂಪಾಡಿಯಲ್ಲಿ ಜುಲೈ ತಿಂಗಳಲ್ಲಿ ಒಂದು ಪಿಎಲ್‌ಸಿ (ಮಷೀನ್ ನಡೆಸೋ ಸಣ್ಣ ಕಂಪ್ಯೂಟರ್) ಇನ್‌ಪುಟ್ ಕಾರ್ಡ್ ಮೂರನೇ ಸಲ ಹೋದಾಗ ಕರೆದಿದ್ರು. ಸೆಟ್ ಪಾಯಿಂಟ್ 22. ಬಾಗಿಲಿನ ಲಿಮಿಟ್ ಸ್ವಿಚ್‌ಗೆ ಜಂಪರ್ ಹಾಕಿಬಿಟ್ಟಿದ್ರು, ಬಾಗಿಲು ತೆಗೆದ್ರೂ ಎಸಿ ನಿಲ್ತಿರಲಿಲ್ಲ, ಎಲೆಕ್ಟ್ರಿಷಿಯನ್ ಬಾಗಿಲು ತೆಗೆದಿಟ್ಕೊಂಡು ಅರ್ಧ ಗಂಟೆ ಕೆಲಸ ಮಾಡಿದ್ರೆ ಅಷ್ಟು ಹೊತ್ತೂ ಎಸಿ ಸಮುದ್ರದ ಗಾಳಿಯಿಂದ ನೀರು ಹಿಂಡ್ತಾ ಕೂರತ್ತೆ. ಡ್ರೈನ್ ಪೈಪ್ ಅಂತೂ ಒಂದು ಕಡೆ ಮೇಲಕ್ಕೆ ಎದ್ದು ಆಮೇಲೆ ಕೆಳಗೆ ಬಂದಿತ್ತು, ಒಳಗೆ ಲೋಳೆ ಕಟ್ಕೊಂಡಿತ್ತು. ಟ್ರೇ ತುಂಬಿ ನೀರು ಪ್ಯಾನಲ್ ಒಳಗೇ ಉಕ್ಕಿ ಕಾರ್ಡ್ ಮೇಲೆ ಬೀಳ್ತಿತ್ತು. ಪೈಪ್ ಬದಲಿಸಿ ಎಸಿಯಿಂದ ನೆಲದವರೆಗೂ ಇಳಿಜಾರು ಕೊಟ್ವಿ, ಸ್ವಿಚ್ ಜಂಪರ್ ತೆಗೆದ್ವಿ, 35ಕ್ಕೆ ಸೆಟ್ ಮಾಡಿದ್ವಿ. ಜಂಪರ್ ಯಾಕೆ ಹಾಕಿದ್ರಿ ಅಂತ ಕೇಳಿದಾಗ "ಸ್ವಿಚ್ ಹಾಳಾಗಿತ್ತು, ಹೊಸದು ಬರೋವರ್ಗೂ ಅಂತ ಹಾಕಿದ್ದು, ಮರ್ತೇ ಹೋಯ್ತು ಮಾರಾಯ್ರೆ" ಅಂದ್ರು. ದಯವಿಟ್ಟು ಜಂಪರ್ ಹಾಕಿದ್ರೆ ಅಲ್ಲೇ ಒಂದು ಟ್ಯಾಗ್ ಕಟ್ಟಿ, ತಾರೀಕು ಬರೆದು.

ಎಸಿಯೇ ತಂಪು ಮಾಡ್ತಿಲ್ಲ ಅಂದ್ರೆ

ಈಗ ವ್ಯತ್ಯಾಸ ಎರಡು ಮೂರು ಡಿಗ್ರಿ ಮಾತ್ರ ಬಂತು ಅಂದ್ಕೊಳ್ಳಿ. ಆಗ್ಲೂ ಮೊದ್ಲು ಹೊರಗಿನ ಗಾಳಿ ನೋಡಿ. ಫಿಲ್ಟರ್ ತೆಗೆದು ಬೆಳಕಿಗೆ ಹಿಡೀರಿ, ಬೆಳಕು ಕಾಣಲ್ಲ ಅಂದ್ರೆ ಅದೇ ಮೊದಲ ಆರೋಪಿ. ಫಿಲ್ಟರ್ ಇಲ್ದೇ ಓಡಿಸಿ ಹತ್ತು ನಿಮಿಷದಲ್ಲಿ ಸರಿ ಹೋದ್ರೆ ಉತ್ತರ ಸಿಕ್ಕಾಯ್ತು. ಫಿಲ್ಟರ್ ಚೆನ್ನಾಗಿದೆ ಆದ್ರೆ ಕಂಡೆನ್ಸರ್ ಫಿನ್‌ಗಳ ಮಧ್ಯೆ ಎಣ್ಣೆ ಜೊತೆ ಧೂಳು ಸೇರಿ ಕಂಬಳಿ ಹಾಗೆ ಕೂತಿರತ್ತೆ, ಮೇಲ್ನೋಟಕ್ಕೆ ಕಾಣಲ್ಲ, ಕವರ್ ಬಿಚ್ಚಬೇಕು. ಒಣ ಧೂಳಾದ್ರೆ ಗಾಳಿ ಹೋಗೋ ದಿಕ್ಕಿಗೆ ಎದುರಾಗಿ ಏರ್ ಗನ್ ಹೊಡೀರಿ, ಪ್ರೆಷರ್ ಕಮ್ಮಿ ಇಟ್ಟು, ಸ್ವಲ್ಪ ದೂರದಿಂದ, ಇಲ್ಲಾಂದ್ರೆ ಫಿನ್ ಬಗ್ಗಿ ಹೊಸ ತೊಂದ್ರೆ. ಎಣ್ಣೆ ಇದ್ರೆ ಗಾಳಿ ಹೊಡೆದು ಪ್ರಯೋಜನ ಇಲ್ಲ, ಕಾಯಿಲ್ ಕ್ಲೀನರ್ ಹಾಕಿ ತೊಳೀಬೇಕು, ತೊಳೆಯೋಕೆ ಎಸಿ ಇಳಿಸ್ಬೇಕು, ಪ್ಯಾನಲ್‌ಗೆ ಕೂತಿರೋವಾಗ್ಲೇ ನೀರು ಹಾಕೋ ಧೈರ್ಯ ಮಾಡ್ಬೇಡಿ. ಮಷೀನಿಂಗ್ ಶಾಪ್‌ನಲ್ಲಿ ಸ್ಪಾಂಜ್ ಥರ ಇರೋ ಫೋಮ್ ಫಿಲ್ಟರ್ ಎಣ್ಣೆ ಕುಡಿದು ಮುಚ್ಚೋಗತ್ತೆ, ಅಲ್ಲಿಗೆ ತೊಳೆಯೋಕೆ ಬರೋ ಲೋಹದ ಜಾಲರಿ ಫಿಲ್ಟರ್ ಹಾಕಿ.

ಆಮೇಲೆ ಫ್ಯಾನ್‌ಗಳು, ಒಳಗೊಂದು ಹೊರಗೊಂದು, ಎರಡೂ ತಿರುಗ್ತಿದ್ಯಾ, ಸರಿಯಾದ ಸ್ಪೀಡಲ್ಲಿ ತಿರುಗ್ತಿದ್ಯಾ. ಬೇರಿಂಗ್ ಹಿಡ್ಕೊಂಡಿರೋ ಫ್ಯಾನ್ ತಿರುಗ್ತಾನೇ ಇರತ್ತೆ, ಆದ್ರೆ ಗಾಳಿ ಬರಲ್ಲ, ಆಫ್ ಮಾಡಿ ಕೈಯಲ್ಲಿ ತಿರುಗಿಸಿದ್ರೆ ಬಿಗಿ ಗೊತ್ತಾಗತ್ತೆ. ಹೊರಗಿನ ಫ್ಯಾನ್ ನಿಂತ್ರೆ ಹೈ ಪ್ರೆಷರ್ ಸ್ವಿಚ್ ಕಟ್ ಆಗತ್ತೆ, ಒಳಗಿನದು ನಿಂತ್ರೆ ಇವಾಪರೇಟರ್ ಮೇಲೆ ಐಸ್ ಕಟ್ಟತ್ತೆ. ಐಸ್‌ನ ಆಕಾರ ನೋಡಿ, ಕಾಯಿಲ್ ಪೂರ್ತಿ ಬೆಳ್ಳಗಾಗಿದ್ರೆ ಗಾಳಿ ಕಮ್ಮಿ, ಗ್ಯಾಸ್ ಒಳಗೆ ಬರೋ ಕಡೆ ಮೊದಲೆರಡು ಸುತ್ತು ಮಾತ್ರ ಬೆಳ್ಳಗಾಗಿ ಮಿಕ್ಕಿದ್ದು ಬೆಚ್ಚಗಿದ್ರೆ ಗ್ಯಾಸ್ ಕಮ್ಮಿ ಇರಬಹುದು, ಇಲ್ಲ ಕ್ಯಾಪಿಲರಿಯಲ್ಲೋ (ಗ್ಯಾಸ್ ಹೋಗೋ ತೀರಾ ಸಣ್ಣ ಪೈಪ್) ಡ್ರೈಯರ್‌ನಲ್ಲೋ (ಗ್ಯಾಸ್ ಲೈನ್‌ನ ತೇವ ಹೀರೋ ಫಿಲ್ಟರ್) ಕಸ ಸಿಕ್ಕಿರಬಹುದು.

ಕಂಪ್ರೆಸರ್ "ಹುಂ" ಅಂತ ಎರಡು ಮೂರು ಸೆಕೆಂಡ್ ಗುನುಗಿ ಟಕ್ ಅಂತ ನಿಂತ್ರೆ ಹೆಚ್ಚಾಗಿ ಕೆಪಾಸಿಟರ್, ಇಲ್ಲ ವೋಲ್ಟೇಜ್. ಕೆಪಾಸಿಟರ್ ಮೇಲೆ ಬರೆದಿರೋ ಮೈಕ್ರೋಫ್ಯಾರಡ್‌ಗೂ ಮೀಟರ್ ತೋರಿಸೋದಕ್ಕೂ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಕಮ್ಮಿ ಇದ್ರೆ ಬದಲಿಸಿ. ವೋಲ್ಟೇಜ್‌ನ ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣದಲ್ಲೇ ಅಳೀರಿ, ನಿಂತಿರೋವಾಗ 230 ಇದ್ದು ಸ್ಟಾರ್ಟಿಂಗ್‌ನಲ್ಲಿ 190ಕ್ಕೆ ಬೀಳ್ತಿದ್ರೆ ಲೂಸ್ ನ್ಯೂಟ್ರಲ್ಲೋ, ಸಣ್ಣ ವೈರೋ, ಇಲ್ಲ ಎಸಿಗೆ ಸಪ್ಲೈನ ಮಷೀನ್‌ನ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್‌ನಿಂದ ಎಳೆದಿದಾರೋ ನೋಡಿ. ಹಾಗೆ ಎಳೆದ ಕಡೆ ಎಸಿ ಸ್ಟಾರ್ಟ್ ಆದಾಗೆಲ್ಲ ಪಿಎಲ್‌ಸಿ ರೀಸೆಟ್ ಆಗೋದು, ಕಾಂಟ್ಯಾಕ್ಟರ್ ಬಡ್ಕೊಳ್ಳೋದು, ಕಾರಣ ಸಿಗದೆ ತಿಂಗಳುಗಟ್ಲೆ ಒದ್ದಾಡಿರ್ತಾರೆ. ಎಸಿಗೆ ಬೇರೆ ಎಂಸಿಬಿ, ಬೇರೆ ಲೈನ್ ಕೊಡಿ. ಕಂಪ್ರೆಸರ್‌ನ ವೈಂಡಿಂಗ್‌ಗೆ ಓಮ್ಸ್ ನೋಡೋದು ಸುಲಭ, ಕಾಮನ್‌ನಿಂದ ರನ್, ಕಾಮನ್‌ನಿಂದ ಸ್ಟಾರ್ಟ್, ಎರಡೂ ಕೂಡಿದ್ರೆ ರನ್‌ನಿಂದ ಸ್ಟಾರ್ಟ್‌ನಷ್ಟು ಬರ್ಬೇಕು, ಯಾವ್ದೂ ಕಂಪ್ರೆಸರ್‌ನ ಲೋಹದ ಬಾಡಿ ಜೊತೆ ಕನೆಕ್ಷನ್ ತೋರಿಸಬಾರ್ದು. ಆಫ್ ಮಾಡಿ ತಕ್ಷಣ ಆನ್ ಮಾಡಿದಾಗ ಕಂಪ್ರೆಸರ್ ಏಳಲಿಲ್ಲ ಅಂತ ಗಾಬರಿ ಬೇಡ, ಒಳಗಿನ ಪ್ರೆಷರ್ ಸಮ ಆಗೋಕೆ ಕಂಟ್ರೋಲರ್ ಮೂರು ನಿಮಿಷ ಕಾಯಿಸೋದು ಮಾಮೂಲಿ.

ಕ್ಲ್ಯಾಂಪ್ ಮೀಟರ್ ತುಂಬ ಹೇಳತ್ತೆ. ನೇಮ್‌ಪ್ಲೇಟ್‌ಗಿಂತ ಜಾಸ್ತಿ ಆಂಪ್ಸ್, ಹೊರಗಿನ ಗಾಳಿ ಸುಡೋ ಹಾಗೆ ಬಿಸಿ ಅಂದ್ರೆ ಕಂಡೆನ್ಸರ್ ಕಡೆ ಹೋಗಿ. ಆಂಪ್ಸ್ ತೀರಾ ಕಮ್ಮಿ, ಹೊರಗಿನ ಗಾಳಿಯೂ ಬಿಸಿ ಇಲ್ಲ, ಒಳಗೂ ತಂಪಿಲ್ಲ, ಇಷ್ಟೂ ಒಟ್ಟಿಗೆ ಇದ್ರೆ ಮಾತ್ರ ಗ್ಯಾಸ್ ಹೋಗಿದೆ ಅಥವಾ ಕಂಪ್ರೆಸರ್ ಪಂಪ್ ಮಾಡ್ತಿಲ್ಲ ಅನ್ನೋ ಮಾತಿಗೆ ಬನ್ನಿ.

ಗ್ಯಾಸ್ ಲೈನ್ ತೆರೆಯೋದೇ ಆದ್ರೆ

ಇಲ್ಲಿ ಯಾಕೆ ನಾನು ಇಷ್ಟು ಹಿಂದೆ ಸರೀತೀನಿ ಅಂದ್ರೆ, ಸಣ್ಣ ಪ್ಯಾನಲ್ ಎಸಿಗಳಲ್ಲಿ ಎಷ್ಟೋದಕ್ಕೆ ಗೇಜ್ ಹಾಕೋ ವಾಲ್ವೇ ಇರಲ್ಲ, ಫ್ಯಾಕ್ಟರಿಯಲ್ಲಿ ತುಂಬಿ ಪೈಪ್ ಒತ್ತಿ ಬ್ರೇಜ್ ಮಾಡಿರ್ತಾರೆ. ಪ್ರೆಷರ್ ನೋಡೋಕೆ ಅಂತ ಪೈಪ್ ಚುಚ್ಚೋ ವಾಲ್ವ್ ಹಾಕಿದ್ರೆ ನಾಳೆ ಲೀಕ್ ಆಗೋ ಜಾಗ ಅದೇ. ಒಳಗಿರೋ ಗ್ಯಾಸೂ ಕೆಲವು ನೂರು ಗ್ರಾಂ ಅಷ್ಟೇ, ಗೇಜ್ ಹೋಸ್‌ನಲ್ಲಿ ಹೋಗೋದೂ ಲೆಕ್ಕಕ್ಕೆ ಬರತ್ತೆ. ಎಣ್ಣೆ ಕಲೆ ಇರೋ ಜಾಯಿಂಟ್ ಹುಡುಕಿ, ಸೋಪ್ ನೊರೆ ಹಚ್ಚಿ ಲೀಕ್ ಎಲ್ಲಿ ಅಂತ ಗೊತ್ತಾಗಬೇಕು, ಗೊತ್ತಾಗದೆ ತುಂಬಿಸಿದ್ರೆ ಅದು ರಿಪೇರಿ ಅಲ್ಲ. ಲೀಕ್ ಬ್ರೇಜ್ ಮಾಡಿ, ನೈಟ್ರೋಜನ್‌ನಲ್ಲಿ ಪ್ರೆಷರ್ ಟೆಸ್ಟ್ ಮಾಡಿ, ಡ್ರೈಯರ್ ಹೊಸದು ಹಾಕಿ, 500 ಮೈಕ್ರಾನ್‌ಗೆ (ವ್ಯಾಕ್ಯೂಮ್ ಗೇಜ್‌ನ ಅಳತೆ) ವ್ಯಾಕ್ಯೂಮ್ ಎಳೆದು, ನೇಮ್‌ಪ್ಲೇಟ್‌ನಲ್ಲಿ ಬರೆದಿರೋ ಗ್ರಾಂ ನೋಡಿ ತೂಕದ ಮೇಲೇ ತುಂಬಿಸಿ, ಬರೆದಿರೋ ಗ್ಯಾಸೇ ಹಾಕಿ. ಬಹಳಷ್ಟು ಪ್ಯಾನಲ್ ಎಸಿಗಳಲ್ಲಿ ಇರೋದು ಆರ್-134ಎ, ಮನೆ ಎಸಿ ರಿಪೇರಿ ಮಾಡೋರ ಹತ್ರ ಇರೋ ಆರ್-22, ಆರ್-32, ಆರ್-410ಎ ಸಿಲಿಂಡರ್ ಇದಕ್ಕೆ ಆಗಲ್ಲ, ಅವುಗಳ ಪ್ರೆಷರೇ ಬೇರೆ. ಆರ್-134ಎ ಇರೋ ಪ್ಯಾನಲ್ ಎಸಿ, ಒಳಗೆ 35, ಹೊರಗೆ 40 ಇದ್ದಾಗ ಸಕ್ಷನ್ ಸುಮಾರು 45ರಿಂದ 55 ಪಿಎಸ್‌ಐ, ಡಿಸ್ಚಾರ್ಜ್ 200ರ ಆಸುಪಾಸು ಬರತ್ತೆ.

ಎಲ್ಲ ಸರಿ, ಆದ್ರೂ ಸಾಲ್ತಿಲ್ಲ

ಆಗ ಲೆಕ್ಕ ಹಾಕಿ, ಕಷ್ಟ ಇಲ್ಲ. ವಿಎಫ್‌ಡಿ, ಅಂದ್ರೆ ಇದೇ ಡ್ರೈವ್, ತನ್ನ ಪವರ್‌ನ ಸುಮಾರು 3 ಪರ್ಸೆಂಟ್ ಶಾಖವಾಗಿ ಬಿಡತ್ತೆ. 22 ಕಿಲೋವ್ಯಾಟ್‌ದು ಒಂದು, 7.5ದು ಒಂದು ಇದ್ರೆ 660 ಮತ್ತೆ 225, ಜೊತೆಗೆ ಎಸ್‌ಎಂಪಿಎಸ್ (ಡಿಸಿ ಪವರ್ ಸಪ್ಲೈ), ಟ್ರಾನ್ಸ್‌ಫಾರ್ಮರ್, ಕಾಂಟ್ಯಾಕ್ಟರ್ ಎಲ್ಲ 150 ಅಂದ್ರೆ ಒಟ್ಟು 1035 ವ್ಯಾಟ್. ಇನ್ನು ಹೊರಗಿನ ಬಿಸಿ ಶೀಟ್ ಮೂಲಕ ಒಳಗೆ ಬರೋದು, ಸ್ಟೀಲ್ ಪ್ಯಾನಲ್‌ಗೆ ಒಂದು ಚದರ ಮೀಟರ್‌ಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 5.5 ವ್ಯಾಟ್. 800 ಮಿಲಿಮೀಟರ್ ಅಗಲ, 2000 ಎತ್ತರ, 600 ಆಳದ ಪ್ಯಾನಲ್ ಗೋಡೆಗೆ ಒರಗಿದ್ರೆ ಸುಮಾರು 5 ಚದರ ಮೀಟರ್ ಲೆಕ್ಕಕ್ಕೆ ಸಿಗತ್ತೆ. ಪ್ಯಾನಲ್ ಒಳಗೆ 35ಕ್ಕೆ ಸೆಟ್ ಆಗಿದ್ದು ಶೆಡ್ಡೂ 35 ಡಿಗ್ರಿ ಇದ್ರೆ ಇದು ಸೊನ್ನೆ, ರಾಯಚೂರು ಕಲಬುರಗಿ ಕಡೆ ಮೇ ತಿಂಗಳ ತಗಡಿನ ಶೆಡ್‌ನಲ್ಲಿ 45 ಇದ್ರೆ ಇನ್ನೂ 275 ವ್ಯಾಟ್. ಅಲ್ಲಿಗೆ 1300 ದಾಟ್ತು. ನೇಮ್‌ಪ್ಲೇಟ್‌ನಲ್ಲಿ 1500 ವ್ಯಾಟ್ ಇದೆಯಲ್ಲ ಅಂತೀರಾ, ಆ ನಂಬರ್ ಹೊರಗೂ 35 ಒಳಗೂ 35 ಇದ್ದಾಗಿನದು. ಹೊರಗೆ 50 ಇದ್ದಾಗ ಎಷ್ಟು ಅನ್ನೋದು ಡೇಟಾಶೀಟ್‌ನಲ್ಲಿ ಬೇರೆ ಸಾಲಿನಲ್ಲಿ ಇರತ್ತೆ, ಅದು ಕಮ್ಮಿ ಇರತ್ತೆ, ನಮ್ಮ ಉತ್ತರ ಕರ್ನಾಟಕದ ಶೆಡ್‌ಗಳಿಗೆ ಆ ಸಾಲನ್ನೇ ನೋಡಿ ಎಸಿ ತಗೊಳ್ಬೇಕು. ಬೆಂಗಳೂರಲ್ಲಿ ವರ್ಷಗಟ್ಲೆ ಚೆನ್ನಾಗಿದ್ದ ಮಷೀನ್ ಆ ಕಡೆ ಸಾಗಿಸಿದ ಮೊದಲ ಬೇಸಿಗೆಗೇ ಟ್ರಿಪ್ ಆಗೋದು ಇದಕ್ಕೇ.

ಹೊಸದು ಕೂರಿಸೋವಾಗ

ಎಸಿ ಯಾವಾಗ್ಲೂ ನೆಟ್ಟಗೇ ಸಾಗಿಸಿ, ಆಟೋದಲ್ಲಿ ಮಲಗಿಸಿ ತಂದಿದ್ರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಹೋಗಿರತ್ತೆ, ನಿಲ್ಲಿಸಿ ಸಾಕಷ್ಟು ಹೊತ್ತು ಬಿಟ್ಟು ಆಮೇಲೆ ಆನ್ ಮಾಡಿ, ಕಂಪನಿ ಮ್ಯಾನ್ಯುಯಲ್‌ಗಳಲ್ಲಿ ಕೂರಿಸಿದ್ಮೇಲೆ ಅರ್ಧ ಗಂಟೆ ಕಾಯಿರಿ ಅಂತ ಇರೋದು ನೆಟ್ಟಗೆ ಬಂದಿದ್ದಕ್ಕೆ. ಕಟೌಟ್ ಕತ್ತರಿಸೋವಾಗ ಗ್ರೈಂಡರ್ ಕಿಡಿ, ಜಿಗ್‌ಸಾ ಚೂರು ಡ್ರೈವ್ ಒಳಗೆ ಬೀಳದ ಹಾಗೆ ಎಲ್ಲ ಮುಚ್ಚಿ, ಎಸಿ ಹಾಕಿದ ಮಾರನೇ ದಿನ ಡ್ರೈವ್ ಸುಟ್ಟಿದ್ದು ಇಂಥಾ ಒಂದು ಚೂರಿಂದ ಅನ್ನೋದನ್ನ ಕಣ್ಣಾರೆ ನೋಡಿದೀನಿ. ಬಾಗಿಲಿಗೆ ಕೂರಿಸೋದಾದ್ರೆ ಬಾಗಿಲಿನ ಹಿಂಜ್ ಆ ತೂಕ ತಡೆಯತ್ತಾ ನೋಡಿ, ಬಾಗಿಲು ಜೋತುಬಿದ್ರೆ ಗ್ಯಾಸ್ಕೆಟ್ ಕೂರಲ್ಲ, ಗಾಳಿ ನುಗ್ಗತ್ತೆ. ಹೊರಗಡೆ ಬಿಸಿ ಗಾಳಿ ಹೋಗೋಕೆ ಗೋಡೆಗೂ ಎಸಿಗೂ ಕನಿಷ್ಠ 200 ಮಿಲಿಮೀಟರ್ ಬಿಡಿ, ಎದುರು ಬದುರು ಎರಡು ಪ್ಯಾನಲ್ ಇದ್ದು ಒಂದರ ಬಿಸಿ ಗಾಳಿ ಇನ್ನೊಂದರ ಬಾಯಿಗೆ ಹೋಗೋ ಥರ ಇಡ್ಬೇಡಿ. ಹೈ ಟೆಂಪರೇಚರ್ ಅಲಾರ್ಮ್‌ಗೆ ಎಸಿಯಲ್ಲಿ ಒಂದು ರಿಲೇ ಕಾಂಟ್ಯಾಕ್ಟ್ ಇರತ್ತೆ, ಯಾರೂ ವೈರ್ ಮಾಡಲ್ಲ, ಅದನ್ನ ಪಿಎಲ್‌ಸಿಗೆ ತಗೊಳ್ಳಿ, ಡ್ರೈವ್ ಟ್ರಿಪ್ ಆಗೋ ಮೊದ್ಲೇ ಸ್ಕ್ರೀನ್ ಮೇಲೆ ಗೊತ್ತಾಗತ್ತೆ.

ಎಸಿ ಕೆಟ್ಟಾಗ ಬಾಗಿಲು ತೆಗೆದು ಪೆಡೆಸ್ಟಲ್ ಫ್ಯಾನ್ ಇಡೋದು ಎಲ್ಲಾ ಕಡೆ ಇದೆ. ಆರ್ಡರ್ ಒತ್ತಡ ನಂಗೂ ಅರ್ಥ ಆಗತ್ತೆ. ಆದ್ರೆ ಬೆಳಗಾವಿಯ ಫೌಂಡ್ರಿಗಳಂಥ ಕಡೆ ಹಾಗೆ ಒಂದು ವಾರ ಇಟ್ರೆ ಕಾರ್ಬನ್ ಧೂಳು ಬೋರ್ಡ್ ಮೇಲೆ ಕೂರತ್ತೆ, ಅದು ಕರೆಂಟ್ ಹರಿಸೋ ಧೂಳು, ಎಸಿ ರೆಡಿಯಾಗಿ ಬಾಗಿಲು ಮುಚ್ಚಿ ತಿಂಗಳಾದ್ಮೇಲೆ ಡ್ರೈವ್ ಹೋಗತ್ತೆ, ಆಗ ಯಾರಿಗೂ ಆ ಫ್ಯಾನ್ ನೆನಪಿರಲ್ಲ. ತೀರಾ ಅನಿವಾರ್ಯ ಆದ್ರೆ ಬರೀ ಆ ಶಿಫ್ಟ್‌ಗೆ, ಪ್ಯಾನಲ್ ಎದುರು ಜನ ಬರದ ಹಾಗೆ ಅಡ್ಡ ಕಟ್ಟಿ, ಪಕ್ಕದಲ್ಲಿ ಗ್ರೈಂಡಿಂಗ್ ನಿಲ್ಲಿಸಿ ಇಡಿ, ಆಮೇಲೆ ಆಫ್ ಮಾಡಿ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಒಳಗೆಲ್ಲ ಎಳೀರಿ. ಶಾಪ್‌ನ ಏರ್ ಕಂಪ್ರೆಸರ್ ಲೈನ್‌ನ ಗಾಳಿಯಲ್ಲಿ ನೀರು ಎಣ್ಣೆ ಎರಡೂ ಇರತ್ತೆ, ಅದನ್ನ ಬೋರ್ಡ್‌ಗೆ ಹೊಡೀಬೇಡಿ.

ಫಿಲ್ಟರ್ ವಾರಕ್ಕೊಮ್ಮೆ ನೋಡಿ, ಫೌಂಡ್ರಿ ಸಿಮೆಂಟ್ ಕಡೆ ದಿನಾ. ಮೂರು ತಿಂಗಳಿಗೊಮ್ಮೆ ಕಂಡೆನ್ಸರ್ ಕವರ್ ಬಿಚ್ಚಿ, ಬೇಸಿಗೆ ಶುರುವಾಗೋ ಮೊದ್ಲು ಫೆಬ್ರವರಿಯಲ್ಲಿ ಒಂದು ಸಲ ಕಡ್ಡಾಯ, ಮಳೆ ಶುರುವಾಗೋ ಮೊದ್ಲು ಡ್ರೈನ್ ಪೈಪ್‌ಗೆ ಒಂದು ಲೋಟ ನೀರು ಸುರಿದು ಹೊರಗೆ ಬರತ್ತಾ ನೋಡಿ. ಪ್ರತಿ ಸಲ ಎಳೆಯೋ ಗಾಳಿ, ಬಿಡೋ ಗಾಳಿ, ಆಂಪ್ಸ್, ಶೆಡ್‌ನ ಬಿಸಿ, ಈ ನಾಲ್ಕು ನಂಬರ್ ತಾರೀಕು ಹಾಕಿ ಬಾಗಿಲಿನ ಒಳಗಡೆ ಅಂಟಿಸಿದ ಹಾಳೆ ಮೇಲೆ ಬರೀರಿ, ಮುಂದಿನ ಸಲ ಯಾರಾದ್ರೂ ಗ್ಯಾಸ್ ಹೋಗಿದೆ ಅಂದಾಗ ಮೊದ್ಲು ಆ ಹಾಳೆ ತೆಗೆದು ಇವತ್ತಿನ ನಂಬರ್ ಜೊತೆ ಇಟ್ಟು ನೋಡಿ.